ಹೊಸ್ತಿಲ ಬದಿಯ ಹಸಿರು ಬಟ್ಟಲು

ಎಳ್ಳಮಾವಾಸ್ಯೆ ಕಳೆದು ಬಿಳಿಜೋಳದ ತೆನೆ ಗಟ್ಟಿಯಾಗುವ ಹೊತ್ತಿಗೆ ಶಿರಹಟ್ಟಿ ಸುತ್ತಲಿನ ಎರೆಹೊಲಗಳಲ್ಲಿ ಕಡಲೆ ಕೀಳುವ ಕೆಲಸ ಸುರುವಾಗುತ್ತದೆ. ಇದು ಬಿಸಿಲಿನ ಕೆಲಸವಲ್ಲ, ಇಬ್ಬನಿಯ ಕೆಲಸ. ಗಿಡ ಹಸಿಯಾಗಿರುವಾಗಲೇ ಕಿತ್ತರೆ ಕಾಯಿ ಗಿಡದಲ್ಲಿ ಉಳಿಯುತ್ತದೆ. ಹೊತ್ತೇರಿದ ಮೇಲೆ ಕೈ ಹಚ್ಚಿದರೆ ಪಟಪಟ ಸಿಡಿದು ನೆಲದ ಪಾಲಾಗುತ್ತದೆ. ಅದಕ್ಕೇ ಆ ದಿನ ಮೂಡಣ ಕೆಂಪಾಗುವ ಮೊದಲೇ ಕರೆವ್ವ ಆಳು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು ಸಾಲು ಹಿಡಿದಿದ್ದಳು. ಕಡಲೆ ಗಿಡದ ಹುಳಿಗೆ ಬೆರಳ ಸಂದಿ ಉರಿಯುತ್ತಿದ್ದರೂ ಎಲ್ಲರ ಸಾಲು ಬದುವಿನ ಹತ್ತಿರ ಬಂದಿತ್ತು. ಒಂದು ಸಾಲು ಮಾತ್ರ ಹೊಲದ ನಡುವೆಯೇ ನಿಂತುಬಿಟ್ಟಿತ್ತು. ಅದು ಅವಳ ಗಂಡ ತಿರಕಪ್ಪನ ಸಾಲು.

ತಿರಕಪ್ಪ ಓಡಿಹೋಗಿರಲಿಲ್ಲ. ಸಾಲಿನಲ್ಲೇ ಕೂತಿದ್ದ, ಕೈಯಲ್ಲಿ ಒಂದು ಕಡಲೆ ಗಿಡವೂ ಇತ್ತು. ಮುಖ ಮಾತ್ರ ಆಕಾಶದ ಕಡೆ. ಹೊಲದ ಮೇಲೆ ಹಾದುಹೋದ ಕರೆಂಟಿನ ಕಂಬದ ತುದಿಯಲ್ಲಿ ತಂತಿ ಹೊತ್ತು ಕೂತ ಪಿಂಗಾಣಿ ಬಟ್ಟಲನ್ನು, ಮಂದಿ ಗುಡಿಯ ಕಳಸ ನೋಡುವ ಹಾಗೆ ನೋಡುತ್ತಿದ್ದ.

“ಏನ್ರಿ, ಕಡ್ಲಿ ನೆಲದಾಗ ಐತಿ. ಕಂಬದ ಮ್ಯಾಲೆ ಬೆಳದಿಲ್ಲ,” ಎಂದಳು ಕರೆವ್ವ.

ಆಳುಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಅದು ಹೊಸಾದು,” ಎಂದ ತಿರಕಪ್ಪ, ಬೇಸರದಿಂದ. “ಹಳೇದರ ಗತ್ತ ಇದಕ್ಕ ಬರಾಂಗಿಲ್ಲ ಬಿಡ.”

ಈ ಗತ್ತಿನ ಹುಚ್ಚು ಅವನಿಗೆ ಹಿಡಿದು ಎರಡು ಸುಗ್ಗಿಯಾಗಿತ್ತು. ಹಳೆಯ ಲೈನು ತೆಗೆದು ಹೊಸದು ಎಳೆಯುವಾಗ ಲೈನ್‌ಮನ್ ಒಬ್ಬ ಮೇಲಿನಿಂದ ಕಂದು ಬಣ್ಣದ ದಪ್ಪ ಬಟ್ಟಲೊಂದನ್ನು ಕೈಬಿಟ್ಟ. ಅದು ಕಡಲೆಯ ಮೇಲೆ ಬಿತ್ತು, ಒಡೆಯಲಿಲ್ಲ. ತಿರಕಪ್ಪ ಮನೆಗೆ ತಂದು ತೊಳೆದು ನೋಡಿದರೆ ಅದರ ಸೊಂಟದ ಸುತ್ತ ಅಕ್ಷರ, ಇಸವಿ ಎಲ್ಲ ಇತ್ತು. ತನಗಿಂತ ಹಿರಿದು! ತಾನು ಹುಟ್ಟುವ ಮೊದಲಿನಿಂದ ಮಳೆ, ಗಾಳಿ, ಸಿಡಿಲಿಗೆ ಮೈಯೊಡ್ಡಿ ಕೂತು, ಒಂದು ದಿನವೂ ಮೈಯಲ್ಲಿ ಹುಷಾರಿಲ್ಲ ಎನ್ನದ ಈ ಜೀವದ ಬಗ್ಗೆ ಅವನಿಗೆ ಗೌರವ ಹುಟ್ಟಿತು. ಅದಕ್ಕೊಂದು ಜೊತೆಯಿರಲೆಂದು ಬಿಳಿಯದೊಂದನ್ನು ತಂದ. ಬಿಳಿಯದಕ್ಕೆ ಜೊತೆಯೆಂದು ಹಳೆಯ ತಂತಿ ಆಫೀಸಿನ ಕಾಲದ ಸಣ್ಣದೊಂದು ಬಂತು. ಹೀಗೆ ಜೊತೆಗೆ ಜೊತೆ ಕೂಡಿ, ಗೋಡೆಯ ಮಾಡುಗಳು, ಟಿವಿಯ ತಲೆ, ಕಡೆಗೆ ಹಿಟ್ಟಿನ ಡಬ್ಬಿಗಳ ನಡುವಿನ ಜಾಗ ಕೂಡ ಬಟ್ಟಲುಗಳ ಪಾಲಾಯಿತು.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಚಟವೆಂದು ಜನ ಬಿಟ್ಟುಬಿಡುತ್ತಿದ್ದರು. ಆದರೆ ಲಕ್ಷ್ಮೇಶ್ವರಕ್ಕೆ ಹಳೆಯ ಕಲ್ಲು ಓದಲು ಬರುವ ವಿದ್ವಾಂಸರಿಗೆ ಊರವರು ಕುರ್ಚಿ ಹಾಕಿ ಚಹಾ ಕೊಡುವುದನ್ನು ತಿರಕಪ್ಪ ಕಣ್ಣಾರೆ ಕಂಡಿದ್ದ. ಕಲ್ಲಿನ ಮೇಲಿನ ಅಕ್ಷರಕ್ಕೆ ಕುರ್ಚಿ ಸಿಗುವುದಾದರೆ ಪಿಂಗಾಣಿಯ ಮೇಲಿನ ಅಕ್ಷರಕ್ಕೆ ಒಂದು ಸ್ಟೂಲಾದರೂ ಸಿಗಬೇಡವೇ? ಅಂದಿನಿಂದ ತಾನು ಸಂಶೋಧಕನೆಂದು ಹೇಳಿಕೊಳ್ಳತೊಡಗಿದ. ಗದಗ ಸ್ಟೇಷನ್ನಿನಾಚೆ ಹಳಿಯ ಬದಿಯಲ್ಲಿ ಸಂಶೋಧನೆ ನಡೆಸಿದಾಗ ರೈಲ್ವೆ ಪೊಲೀಸನೊಬ್ಬ ಹಿಡಿದು ಚೀಲ ಬಿಚ್ಚಿಸಿದ. ಕಳ್ಳನಾಗಿದ್ದರೆ ಒಳಗೆ ಹಾಕಬಹುದಿತ್ತು. ಇಂಥವನನ್ನು ಎಲ್ಲಿ ಹಾಕುವುದೆಂದು ತಿಳಿಯದೆ, ಬೆಲ್ಲದ ಚಹಾ ಕುಡಿಸಿ ಬಸ್ಸು ಹತ್ತಿಸಿದ.

ಕರೆವ್ವನಿಗೆ ಇದೆಲ್ಲ ಸಹ್ಯವಾಗಿತ್ತು. ಅವಳದು ಒಂದೇ ಷರತ್ತು. ಮಗ ಅಂಬರೀಶ ಬಸ್ ಕಂಡಕ್ಟರನಾಗಿದ್ದ. ಅವನಿಗೆ ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರ ಮಾಡುವ ತನ್ನ ತಮ್ಮ ಶಿವಯೋಗಿಯ ಮಗಳು ಶೃತಿಯನ್ನು ತರುವುದೆಂದು ಮಾತಾಗಿತ್ತು. ಕಡಲೆ ಒಕ್ಕಿದ ಮೇಲೆ ಮದುವೆಯ ಅಕ್ಕಿಕಾಳು.

“ಅಷ್ಟರೊಳಗ ಇವೆಲ್ಲಾ ಅಟ್ಟಾ ಹತ್ತಬೇಕು ನೋಡ್ರಿ,” ಎಂದಳು ಹೊಲದಲ್ಲೇ. “ಸೊಸಿ ಬಂದಾಕಿ ಹಿಟ್ಟಿನ ಡಬ್ಬಿ ಅಂತ ಇದರಾಗ ಕೈ ಹಾಕಿದ್ರ ನಾ ನನ್ನ ತಮ್ಮಗ ಏನ ಮಾರಿ ತೋರಿಸಲಿ?”

“ಹತ್ತತಾವ. ಒಂದ ಬರೂದೈತಿ. ಅದು ಬಂದ್ರ ಎಲ್ಲಾ ಕೂಡೇ ಹತ್ತತಾವ.” ತಿರಕಪ್ಪ ಎದ್ದು ಧೋತ್ರ ಝಾಡಿಸಿದ. “ಹಮ್ಮಿಗಿಗೆ ಹೋಗಿ ಬರತೀನಿ. ಬಿತ್ತನಿ ಜ್ವಾಳ ವಿಚಾರಸಬೇಕು.”

“ಬಿತ್ತಿದ ಜ್ವಾಳ ತೆನಿಗೆ ಬಂದೈತಿ. ಈಗೆಂಥಾ ಬಿತ್ತನಿ?”

ತಿರಕಪ್ಪ ಆಗಲೇ ಬದು ದಾಟಿದ್ದ.

ಬರಬೇಕಾದ ಆ ಒಂದು ಯಾವುದೆಂದರೆ, ಗಾಜಿನದು. ಬಳೆಗಾರನ ಮಲಾರದ ಹಸಿರು ಬಳೆಯಷ್ಟು ಹಸಿರು. ಅಂಥದ್ದೊಂದು ಹೊಳೆದಂಡೆಯ ಹಮ್ಮಿಗಿಯ ಹುಚ್ಚೀರಪ್ಪ ಎಂಬವರ ಮನೆಯಲ್ಲಿದೆ, ಹೊಳೆಗಾಳಿಗೆ ಬಾಗಿಲು ಬಡಿಯದಂತೆ ಹೊಸ್ತಿಲ ಬದಿ ಒತ್ತಿಟ್ಟಿದ್ದಾರೆ ಎಂಬ ಖಬರು ಕೊಟ್ಟವನು ಬೆಟಗೇರಿಯ ಗುಜರಿ ಅಂಗಡಿಯ ಫಕೀರೇಶ. ಖಬರಿನ ಜೊತೆಗೆ ಬುದ್ಧಿಯನ್ನೂ ಹೇಳಿದ್ದ.

“ಕಾಕಾ, ನಿನಗ ಬೇಕಾದ್ದರ ಹೆಸರ ಹೇಳಬ್ಯಾಡ. ಹೇಳಿದಿ ಅಂದ್ರ ನಾಯಿ ಮೂಸದ ವಸ್ತುನೂ ಮುತ್ತ್ಯಾನ ಕಾಲದ ಬಂಗಾರ ಆಗತೈತಿ. ಮೊದಲನೇ ಸಲ ಹೋಗಿ ಬ್ಯಾರೆ ಎಲ್ಲಾ ವಿಚಾರಸು. ಎರಡನೇ ಸಲ ಸಿಹಿ ತಗೊಂಡು ಹೋಗು. ಮೂರನೇ ಸಲ ಎದ್ದು ಬರೂ ಮುಂದ, ಚಪ್ಪಲಿ ಮೆಟ್ಟಿಕೋಂತ, ‘ಅಂದಂಗ ಇದೇನಿದು’ ಅನ್ನು. ತಾವ ಕೊಡತಾರ.”

ಗುಜರಿ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಶಾಸ್ತ್ರವಿಲ್ಲ. ತೊಡಕೆಂದರೆ, ನಮ್ಮ ಕಡೆ ಕನ್ಯೆ ನೋಡುವುದಕ್ಕೂ ಇದೇ ಶಾಸ್ತ್ರ. ಕನ್ಯೆ ನೋಡಲು ಬಂದವರು ಕನ್ಯೆ ನೋಡಲು ಬಂದೆವೆಂದು ಬಾಯಿಬಿಟ್ಟು ಹೇಳುವುದಿಲ್ಲ. ಎತ್ತು ಕೊಡುವುದಿದೆಯೇ, ಬೀಜದ ಕಾಳು ಇದೆಯೇ ಎಂದು ಕೇಳುತ್ತಾ ಪಡಸಾಲೆಯಲ್ಲಿ ಕೂಡುತ್ತಾರೆ. ಮನಸ್ಸಿಗೆ ಬಾರದಿದ್ದರೆ ಎತ್ತು ಒಗ್ಗಲಿಲ್ಲವೆಂದು ಎದ್ದು ಹೋಗುತ್ತಾರೆ. ಎತ್ತಿಗೆ ಇದರಿಂದ ಅವಮಾನವಿಲ್ಲ, ಹುಡುಗಿಗೂ ಇಲ್ಲ. ಬಂದರೆ, ಮತ್ತೊಮ್ಮೆ ಸಿಹಿ ಹಿಡಿದು ಬರುತ್ತಾರೆ.

ಹುಚ್ಚೀರಪ್ಪ ಹಮ್ಮಿಗಿಯಲ್ಲಿ ನಾಲ್ಕು ಜನ ಮಾತು ಕೇಳುವಂಥ ಒಕ್ಕಲಿಗ. ಸುಗ್ಗಿಯ ನಟ್ಟನಡುವೆ ಅಪರಿಚಿತನೊಬ್ಬ ಬಂದು ಬಿತ್ತನೆ ಜೋಳ ಕೇಳಿದಾಗ ಅವನು ಒಮ್ಮೆ ನೋಡಿ, ಒಳಗಿದ್ದ ತಾಯಿ ಗದಿಗೆವ್ವನ ಕಡೆ ತಿರುಗಿದ. ಮುದುಕಿ ಕೋಲೂರಿಕೊಂಡು ಬಂದು ಕಂಬಕ್ಕೊರಗಿ ಕೂತಳು.

“ಕುಂಡ್ರಿ, ಕುಂಡ್ರಿ. ಯಾವೂರಾತು?”

“ಶಿರಹಟ್ಟಿ.”

“ಮಕ್ಕಳೆಷ್ಟು?”

“ಒಬ್ಬನ ಮಗ. ಬಸ್ಸಿನಾಗ ಕಂಡಕ್ಟರ್ ಅದಾನ.”

ತಾಯಿ ಮಗನ ಕಣ್ಣು ಕೂಡಿದವು. ಹುಚ್ಚೀರಪ್ಪ ಒಳಗೆ ಕೂಗಿದ: “ಶಾಂಭವೀ, ಚಾ ತಗೊಂಬಾರವಾ. ಗಟ್ಟಿ ಹಾಲಿಂದು.”

ತಿರಕಪ್ಪನಿಗೆ ಇದಾವುದರ ಕಡೆಯೂ ಲಕ್ಷ್ಯವಿರಲಿಲ್ಲ. ಹೊಸ್ತಿಲ ಬದಿ, ಬಾಗಿಲಿಗೆ ಒತ್ತಿಕೊಂಡು ಅದು ಕೂತಿತ್ತು. ಅಂಗಳದ ಬಿಸಿಲು ಅದರೊಳಗೆ ಹೊಕ್ಕು ನೆಲದ ಮೇಲೆ ನೀರಿನಂಥ ಹಸಿರು ಚೆಲ್ಲಿತ್ತು. ನೋಡಬಾರದೆಂದು ಶಾಸ್ತ್ರವಿತ್ತು, ನೋಡದೆ ಇರಲು ಕಣ್ಣು ಕೇಳಬೇಕಲ್ಲ! ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದ ಹುಡುಗಿಯೊಬ್ಬಳು ಬಂದು ಹೊಸ್ತಿಲಲ್ಲಿ ನಿಂತಳು. ಅವಳ ದುಪಟ್ಟಾದ ಅಂಚು ಬಟ್ಟಲನ್ನು ಮರೆಮಾಡಿತು.

“ಒಂದೀಟ ಆಕಡೆ ಸರೀಯವಾ,” ಎಂದ ತಿರಕಪ್ಪ.

ಹುಡುಗಿ ಸರಿದಳು.

“ಹಾಂ, ಹಂಗ. ಇನ್ನೀಟು.”

ಹುಡುಗಿ ಇನ್ನಷ್ಟು ಸರಿದು ಹೊಸ್ತಿಲು ದಾಟಿದಳು. ಬಟ್ಟಲಿನ ಕಂಠದಲ್ಲಿ ಒಡಕಿದೆಯೋ ಎಂದು ತಿರಕಪ್ಪ ಸೊಂಟ ಬಾಗಿಸಿ, ನೆಲಕ್ಕೆ ಕಣ್ಣು ಹಚ್ಚಿ ನೋಡಿದ. ಒಡಕಿರಲಿಲ್ಲ. ಅವನ ಮುಖ ಅರಳಿತು.

ಗದಿಗೆವ್ವ ಮಗನ ಪಕ್ಕೆಗೆ ತಿವಿದಳು. ಮುದುಕಿ ತನ್ನ ಕಾಲದಲ್ಲಿ ಹೆಣ್ಣು ನೋಡಲು ಬಂದವರನ್ನು ಸಾಕಷ್ಟು ನೋಡಿದ್ದಳು. ಈಗಿನವರು ಮುಖ ನೋಡುತ್ತಾರೆ, ಫೋನಿನಲ್ಲಿ ಫೋಟೋ ಕೇಳುತ್ತಾರೆ. ಇವನಾದರೋ ಮುಖದ ತಂಟೆಗೇ ಹೋಗದೆ, ಹುಡುಗಿ ಹೊಸ್ತಿಲು ದಾಟುವಾಗ ಯಾವ ಹೆಜ್ಜೆ ಮೊದಲಿಟ್ಟಳೆಂದು ಬಾಗಿ ನೋಡಿದ್ದ.

“ಕಾಲ್ಗುಣ ನೋಡಿದ,” ಎಂದು ಮಗನ ಕಿವಿಯಲ್ಲಿ ಉಸುರಿದಳು. “ಹಳೇ ಸಂಪ್ರದಾಯದ ಮಂದಿ. ಮನಿತನ ಚಲೋ ಐತಿ.”

“ಹೆಂಗ ಅನಸ್ತು ಯಜಮಾನ್ರ?” ಎಂದು ಹುಚ್ಚೀರಪ್ಪ ಕೇಳಿದ. ಜೋಳದ ಮಾದರಿಯ ಬೊಗಸೆ ಮುಂದೆಯೇ ಇತ್ತು. ತಿರಕಪ್ಪ ಅದನ್ನು ಮುಟ್ಟಿಯೂ ಇರಲಿಲ್ಲ.

“ಚಲೋ ಐತಿ,” ಎಂದ ತಿರಕಪ್ಪ ಉಸಿರು ಬಿಟ್ಟು. “ಮತ್ತೊಮ್ಮೆ ಬರತೀನಿ.”

ಮತ್ತೊಮ್ಮೆ ಹೋದಾಗ ಶಾಸ್ತ್ರದ ಪ್ರಕಾರ ಮುಂಡರಗಿಯಲ್ಲಿ ಇಳಿದು ಬೂಂದಿಯ ಪೊಟ್ಟಣ ಕಟ್ಟಿಸಿಕೊಂಡ. ಹುಚ್ಚೀರಪ್ಪನ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಅಕ್ಕಪಕ್ಕದವರು ಕೆಲಸವಿಲ್ಲದಿದ್ದರೂ ಕೆಲಸವಿದ್ದವರಂತೆ ಬಂದು ಕೂತಿದ್ದರು. ತಿರಕಪ್ಪ ಪೊಟ್ಟಣ ಮುಂದಿಟ್ಟದ್ದೇ ತಡ, ಗದಿಗೆವ್ವ ಅದನ್ನು ಕಣ್ಣಿಗೊತ್ತಿಕೊಂಡು ಒಳಗೆ ಕೊಟ್ಟಳು. ಒಳಗಿನಿಂದ ಗೋಧಿ-ಬೆಲ್ಲದ ಮಾದಲಿಯ ತಾಟು, ಅದರ ಮೇಲೆ ತುಪ್ಪ ಬಂತು. ಸಂಶೋಧಕರಿಗೆ ಹಮ್ಮಿಗಿಯಲ್ಲಿ ಇಷ್ಟು ಮರ್ಯಾದೆ ಇದೆಯೆಂದು ತಿರಕಪ್ಪನಿಗೆ ಗೊತ್ತಿರಲಿಲ್ಲ. ತಾಟು ಬರಿದು ಮಾಡಿದ.

“ನೀವು ಬಾಯಿಬಿಟ್ಟು ಹೇಳೂದ ಬ್ಯಾಡ,” ಎಂದಳು ಗದಿಗೆವ್ವ. “ಯಾತಕ್ಕ ಬಂದೀರಿ ಅಂತ ಮೊದಲನೇ ದಿನಾನ ನಮಗ ತಿಳದೈತಿ.”

ತಿರಕಪ್ಪ ಬರಿದಾದ ತಾಟು ಕೆಳಗಿಟ್ಟ. ಗುಟ್ಟು ಬಯಲಾಗಿತ್ತು, ಇನ್ನು ಬಂಗಾರದ ಬೆಲೆ. “ಯಾರ ಹೇಳಿದ್ರಿ?”

“ಯಾರ ಯಾಕ ಹೇಳಬೇಕು? ನಿಮ್ಮ ಕಣ್ಣ ಹೇಳಿದ್ವು.”

ಮಂದಿ ನಕ್ಕಿತು. ತಿರಕಪ್ಪ ಸೋತು ಕೇಳಿದ: “ಹಂಗಾರ, ಕೊಡತೀರೇನು?”

“ಕೊಡೂದಕ್ಕ ನಮ್ಮ ತಕರಾರಿಲ್ಲ,” ಎಂದ ಹುಚ್ಚೀರಪ್ಪ, ಗಂಭೀರವಾಗಿ. “ಆದ್ರ ನಾವೂ ಒಮ್ಮೆ ನಿಮ್ಮ ಮನಿ ನೋಡಬೇಕಲ್ಲ. ಸೋಮವಾರ ನಾಕ ಮಂದಿ ಬರತೇವಿ.”

ತಿರಕಪ್ಪನ ಎದೆ ತುಂಬಿ ಬಂತು. ಒಂದು ಬಾಗಿಲ ಒತ್ತು ಕೊಡುವ ಮೊದಲು ಅದು ಹೋಗಿ ಸೇರುವ ಜಾಗ ಎಂಥದ್ದೆಂದು ನೋಡಬಯಸುವ ಜನ! ಇಂಥ ಜವಾಬ್ದಾರಿ ಅವನು ಕಲ್ಲು ಓದುವವರಲ್ಲೂ ಕಂಡಿರಲಿಲ್ಲ. “ಬರ್ರಿ, ಬರ್ರಿ. ಎಲ್ಲಾನೂ ತೊಳದ ಇಡತೀನಿ,” ಎಂದ.

ಸೋಮವಾರ ಒಂದು ಕ್ರೂಸರ್ ಗಾಡಿ ತುಂಬ ಹಮ್ಮಿಗಿಯವರು ಬಂದು ಇಳಿದರು. ಬಟ್ಟಲು ನೋಡಲು ಗಾಡಿ ಮಾಡಿಕೊಂಡು ಮಂದಿ ಬಂದದ್ದು ಕಂಡು ಕರೆವ್ವನಿಗೇ ದಂಗುಬಡಿಯಿತು. ಗಂಡನ ವಿಷಯದಲ್ಲಿ ತಾನೇ ತಪ್ಪು ತಿಳಿದೆನೇನೋ ಎಂದುಕೊಂಡು ಚಹಾಕ್ಕೆ ಇಟ್ಟಳು. ಅಕ್ಕಿಕಾಳಿನ ದಿನ ಗೊತ್ತು ಮಾಡಲೆಂದು ಬಂದಿದ್ದ ತಮ್ಮ ಶಿವಯೋಗಿ ಮೂಲೆಯ ಕುರ್ಚಿಯಲ್ಲಿ ಬೆರಗಾಗಿ ಕೂತಿದ್ದ.

ತಿರಕಪ್ಪ ಇಸ್ತ್ರಿಯ ಅಂಗಿ ತೊಟ್ಟು ಬೀಗರನ್ನು ಮಾಡಿನಿಂದ ಮಾಡಿಗೆ ಕರೆದೊಯ್ದ. ಇದು ರೈಲಿನ ಬದಿಯದು, ಇದು ಊರೊಳಗಿನದು, ಇದರ ಸೆರಗು ಎರಡು ಸುತ್ತಿನದು, ಮಳೆನೀರು ಒಳಗೆ ಇಳಿಯಲಿ ಎಂದರೂ ಇಳಿಯದು. ಬೀಗರು ತಾಳ್ಮೆಯ ಜನ. ಗಂಡಿನ ಕಡೆಯವರ ಮನೆ ನೋಡಲು ಹೋದರೆ ಕೆಲವರು ಎಮ್ಮೆ ತೋರಿಸುತ್ತಾರೆ, ಕೆಲವರು ಬೋರ್‌ವೆಲ್ ತೋರಿಸುತ್ತಾರೆ; ಇವರದು ಇದು ಎಂದು ತಲೆಯಾಡಿಸಿದರು. ಗದಿಗೆವ್ವ ಮಾತ್ರ ಒಂದನ್ನು ಬೆರಳಿನಿಂದ ತಟ್ಟಿ, “ಇವನ್ನೆಲ್ಲಾ ದಿನಾ ಒರಸೂದು ಯಾರ ಕೆಲಸ ಆಗತೈತ್ರಿ?” ಎಂದು ಮೊಮ್ಮಗಳ ಪರವಾಗಿ ಕೇಳಿದಳು.

“ನಂದ ಕೆಲಸ!” ಎಂದ ತಿರಕಪ್ಪ. ಮುದುಕಿಗೆ ಸಮಾಧಾನವಾಯಿತು.

ಆ ಹೊತ್ತಿಗೆ ಡ್ಯೂಟಿ ಮುಗಿಸಿ ಅಂಬರೀಶ ಖಾಕಿಯಲ್ಲೇ ಒಳಗೆ ಬಂದ. ಹುಚ್ಚೀರಪ್ಪ ಅವನನ್ನು ಮೇಲಿನಿಂದ ಕೆಳಗೆ ನೋಡಿ, ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. “ಹುಡುಗ ಲಕ್ಷಣ ಅದಾನ. ನಮ್ಮ ಶಾಂಭವಿಗೆ ತಕ್ಕ ಜೋಡಿ.”

ಅಂಬರೀಶ ತಾಯಿಯನ್ನು ನೋಡಿದ. ತಾಯಿ ತಮ್ಮನನ್ನು ನೋಡಿದಳು. ಶಿವಯೋಗಿ ಕುರ್ಚಿಯಿಂದ ಎದ್ದ.

“ಏನ ಜೋಡಿ? ಯಾರ ಶಾಂಭವಿ? ಯಕ್ಕಾ, ನನ್ನ ಮಗಳನ್ನ ತರತೀನಿ ಅಂತ ಮಾತ ಕೊಟ್ಟು ಹಿಂದಿನ ಬಾಗಲದಾಗ ಹಮ್ಮಿಗಿಯವರನ್ನ ಕರಕೊಂಡೀಯೇನು?”

“ನನಗೇನ ಗೊತ್ತೋ ಶಿವಯೋಗಿ! ಬಟ್ಲಾ ನೋಡಾಕ ಬಂದಾರಂದ್ರು!”

“ಬಟ್ಲಾ?” ಹುಚ್ಚೀರಪ್ಪನ ದನಿ ಏರಿತು. “ಯಜಮಾನ್ರ, ಎರಡ ಸಲ ಬಂದ್ರಿ. ನಮ್ಮ ಹುಡುಗಿ ಕಾಲ್ಗುಣ ಬಾಗಿ ನೋಡಿದ್ರಿ. ಸಿಹಿ ತಂದ್ರಿ, ಸಿಹಿ ತಿಂದ್ರಿ. ನಿಮ್ಮ ಬೂಂದಿ ಊರ ತುಂಬ ಹಂಚೇವಿ. ಮಗಗ ಬ್ಯಾರೆ ಕಡೆ ಗೊತ್ತಾಗಿತ್ತಂದ್ರ ನಮ್ಮ ಮನಿಗೆ ಯಾತಕ್ಕ ಬಂದಿದ್ರಿ?”

ಎಲ್ಲರೂ ತಿರಕಪ್ಪನ ಬಾಯಿ ನೋಡಿದರು. ಅಲ್ಲಿಯವರೆಗೆ ನಡೆದದ್ದೆಲ್ಲ ಅವನ ತಲೆಯೊಳಗೆ ಒಂದೊಂದಾಗಿ, ಹಿಂದುಮುಂದಾಗಿ ತಿರುಗಿತು. “ನಾ... ಆ ಬಾಗಲಾ...” ಎಂದ. ಮುದುಕಿಯ ಮುಖ ನೋಡಿದ ಮೇಲೆ ಬಾಗಿಲಿನ ಮಾತು ಆಡಲು ಯಾರಿಗೂ ಬರುತ್ತಿರಲಿಲ್ಲ.

ಕರೆವ್ವ ಚಹಾದ ತಟ್ಟೆ ಹಿಡಿದು ನಿಂತೇ ಇದ್ದಳು. ಗದಿಗೆವ್ವ ಅದನ್ನು ಕೈಯಿಂದ ಸರಿಸಿ ಕೋಲು ಹಿಡಿದು ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ಹಮ್ಮಿಗಿಯವರು ಆ ಮನೆಯಲ್ಲಿ ಒಂದು ಗುಟುಕೂ ಕುಡಿಯದೆ ಗಾಡಿ ಹತ್ತಿದರು.

ಹೊರಗೆ ಧೂಳು ಅಡಗಿದ ಮೇಲೆ ತಿರಕಪ್ಪ ಎಲ್ಲವನ್ನೂ ಹೇಳಿದ. ಶಿವಯೋಗಿ ಮೊದಲು ಬೈದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಮಾಮಾ, ನೀ ನನ್ನ ಮಗಳನ್ನ ನೋಡಾಕ ಬಂದಾಗೂ ನಮ್ಮ ಬಾಗಲಾನ ನೋಡಿದ್ದೇನು?” ಅಕ್ಕಿಕಾಳಿನ ಮಾತು ಮುರಿಯದೆ ಉಳಿಯಿತು.

ಕರೆವ್ವ ನಗಲಿಲ್ಲ. ಆರಿದ ಚಹಾ ಚೆಲ್ಲಿ ಬಂದು ಕೂತು ಹೇಳಿದಳು:

“ನಮ್ಮ ಮದಿವಿ ಉಳೀತು. ಆ ಹುಡುಗೀದು? ನಾಳೆ ಆಕಿಗೆ ಬ್ಯಾರೆ ವರ ಬಂದ್ರ, ಶಿರಹಟ್ಟಿಯವರು ಸಿಹಿ ತಿಂದು ಬಿಟ್ಟ ಕನ್ಯಾ ಅಂತಾರ. ಯಾಕ ಬಿಟ್ರು ಅಂತ ಕೇಳತಾರ. ಕಾಲ್ಗುಣ ನೋಡಿ ಬಿಟ್ರು ಅಂತಾರ. ನಿಮಗೊಂದು ಗಾಜು ಬೇಕಾಗಿತ್ತು, ಆಕಿಗೆ ಜನ್ಮಕ್ಕ ಅಂಟೂ ಕೆಟ್ಟ ಹೆಸರಾತು.”

“ಹೋಗಿ ಖರೇ ಹೇಳಿ ಬರಲೇನು?”

“ಏನಂತ? ಹುಡುಗೀಗಿಂತ ಬಾಗಲಕ್ಕ ಇಟ್ಟ ಗುಂಡ ಚಂದ ಕಾಣಸ್ತು ಅಂತ?”

ತಿರಕಪ್ಪ ಮರುದಿನ ಇಬ್ಬನಿಯಲ್ಲೇ ಹೊಲಕ್ಕೆ ಹೋಗಿ ಕಡಲೆ ಕಿತ್ತ. ಕಂಬದ ಕಡೆ ನೋಡಲಿಲ್ಲ. ಅದರ ಮರುದಿನ ಬೆಳಿಗ್ಗೆ ಒಂದು ಗೋಣಿಚೀಲದ ತುಂಬ ಬಟ್ಟಲು ತುಂಬಿ, ಹೆಗಲಿಗೇರಿಸಿ ಮುಂಡರಗಿಯ ಬಸ್ಸು ಹತ್ತಿದ. ಕಂಡಕ್ಟರ್ ಅಂಬರೀಶನೇ. ಅವನು ಅಪ್ಪನ ಮುಖ ನೋಡದೆ ಟಿಕೆಟ್ ಹರಿದು ಕೊಟ್ಟ. ಚೀಲಕ್ಕೂ ಲಗೇಜಿನ ಟಿಕೆಟ್ ಹರಿದ.

“ಮತ್ತ ಎಲ್ಲಿಗೆ ಅಪ್ಪಾ?”

“ನಿನ್ನ ಹೆಸರ ಕೆಡಸಾಕ ಹೊಂಟೇನಿ. ನಡೀತೈತೇನು?”

ಅಂಬರೀಶ ಸೀಟಿ ಊದಿದ. ಬಸ್ಸು ಹೊರಟ ಮೇಲೆ, “ಸಂಜಿ ಬಸ್ಸಿಗೆ ಬಾ. ಸೀಟ ಹಿಡೀತೀನಿ,” ಎಂದ.

ಹಮ್ಮಿಗಿಯ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಆ ಹೊತ್ತಿಗೆ ಇರಬೇಕಾದವರೆಲ್ಲ ಇದ್ದರು. ಪಾನ್ ಅಂಗಡಿಯ ದುರ್ಗೇಶ ಎಲೆಗೆ ಸುಣ್ಣ ಹಚ್ಚುತ್ತಾ ಶಾಂಭವಿಯ ಕಾಲ್ಗುಣದ ಮಾತನ್ನು ಆಗಷ್ಟೇ ತೆಗೆದಿದ್ದ. ತಿರಕಪ್ಪ ಚೀಲ ಇಳಿಸಿ, ಟವೆಲ್ ಹಾಸಿ, ಬಟ್ಟಲುಗಳನ್ನು ಸಾಲಾಗಿ ಹಚ್ಚಿ, ಎಲ್ಲರಿಗೂ ಕೈಮುಗಿದ.

“ಹಿರ್ಯಾರು ನೀವು ಒಂದ ಉಪಕಾರ ಮಾಡಬೇಕು. ಹುಚ್ಚೀರಪ್ಪನವರು ನಮ್ಮ ಮನಿ ನೋಡಾಕ ಬಂದಿದ್ರು. ನೋಡಿದ್ರು. ಇಂಥಾ ಮನಿಗೆ ನಮ್ಮ ಹುಡುಗಿ ಕೊಡಾಂಗಿಲ್ಲ ಅಂತ ಚಾ ಸೈತ ಕುಡೀದ ಎದ್ದು ಬಂದ್ರು. ನೀವಾರ ಹೇಳಿ ಅವರ ಮನಸ್ಸ ತಿರುಗಿಸ್ರಿ.”

ಚಹಾ ಕುಡಿಯದೆ ಎದ್ದದ್ದಂತೂ ಸುಳ್ಳಲ್ಲ. ದುರ್ಗೇಶನ ಕೈಯ ಎಲೆ ಅಲ್ಲೇ ನಿಂತಿತು. “ಅಂದ್ರ, ಬಿಟ್ಟವರು ನೀವಲ್ಲ? ಅವರ ಒಲ್ಲೆ ಅಂದ್ರ?”

“ಕಾಲ್ಗುಣ ನೋಡಿದಾವ ನಾನು. ಲಕ್ಷ್ಮಿ ಹೊಸ್ತಿಲ ದಾಟಿದಂಗ ದಾಟಿದ್ಲು. ನಮ್ಮ ಪುಣ್ಯದಾಗ ಇಲ್ಲ.”

“ಯಾಕ ಒಲ್ಲೆ ಅಂದ್ರು?”

“ಇವಕ್ಕ,” ಎಂದು ತಿರಕಪ್ಪ ಬಟ್ಟಲು ತೋರಿಸಿದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕಟ್ಟೆಯ ಮೇಲಿದ್ದ ಹಿರಿಯನೊಬ್ಬನಿಗೆ ಕನಿಕರ ಉಕ್ಕಿಬಂತು. “ಪಾಪ, ಹುಡುಗಂದು ಸರಕಾರಿ ನೌಕರಿ ಅಂತ. ಇಷ್ಟಕ್ಕ ಸಂಬಂಧ ಬಿಡತಾರೇನು? ತಡಿ, ನಾ ಹೇಳಿದ್ರ ಹುಚ್ಚೀರಪ್ಪ ಇಲ್ಲ ಅನ್ನಾಂಗಿಲ್ಲ. ಈಗ ಹೋಗೂಣು ನಡಿ.” ಅವನು ಎದ್ದು ತಲೆಗೆ ಪಟಕ ಸುತ್ತಿಕೊಳ್ಳತೊಡಗಿದ.

ತಿರಕಪ್ಪ ದಡಬಡಿಸಿ ಎದ್ದ. ಹಿರಿಯನ ಕೈಹಿಡಿದು ಕೂರಿಸಿ, ಬಟ್ಟಲೊಂದನ್ನು ಅವನ ಉಡಿಗಿಟ್ಟು, ಅದರ ಹುಟ್ಟಿನಿಂದ ಸುರುಮಾಡಿದ. ಅದರ ಮಣ್ಣು, ಸುಡುವ ಬಗೆ, ಸೆರಗಿನ ಸುತ್ತು, ಸೊಂಟದ ಅಕ್ಷರ. ಎರಡನೆಯದು ಇಟ್ಟ. ಮೂರನೆಯದು ಇಟ್ಟ. ತನ್ನ ಮನೆಯಲ್ಲಿ ಹಿಟ್ಟಿನ ಡಬ್ಬಿಯ ನಡುವೆಯೂ ಇವೇ ಇವೆ, ಬರುವ ಸೊಸೆಯ ಕೋಣೆಗೂ ಇವನ್ನೇ ಹಚ್ಚುವ ವಿಚಾರವಿದೆ ಎಂದ. ಹಿರಿಯನ ಉಡಿ ತುಂಬಿತು, ಕನಿಕರ ಬತ್ತಿತು. ಮೆಲ್ಲಗೆ ಪಟಕ ಬಿಚ್ಚಿ ಇಟ್ಟ.

“ಹುಚ್ಚೀರಪ್ಪ ಶಾಣ್ಯಾ ಅದಾನ,” ಎಂದ ದುರ್ಗೇಶನ ಕಡೆ ತಿರುಗಿ. “ಇಂಥಾ ತಿಕ್ಕಲನ ಮನಿಗೆ ಯಾರರ ಹೆಣ್ಣ ಕೊಡತಾರೇನಲೇ?”

ಖಬರು ಮುಟ್ಟಿ ಹುಚ್ಚೀರಪ್ಪ ಬಾರುಕೋಲು ಹಿಡಿದೇ ಬಂದ. ಅವನಿಗೆ ಆಗಲೇ ನಿಜ ಗೊತ್ತಾಗಿತ್ತು. ತಾವು ಶಿರಹಟ್ಟಿಯಿಂದ ಮರಳಿದ ದಿನವೇ ಶಾಂಭವಿ, “ಅಪ್ಪಾ, ಅವರು ನನ್ನ ನೋಡಾಕ ಬಂದೇ ಇಲ್ಲ. ಆ ಬಾಗಲದ ಗುಂಡ ನೋಡಾಕ ಬಂದಿದ್ರು. ನಾ ಅಡ್ಡ ನಿಂತೆ ಅಂತ ಸರಿ ಅಂದ್ರು,” ಎಂದಿದ್ದಳು. ಅವನು ಆ ಗುಂಡು ತೆಗೆದುಕೊಂಡು ಹೋಗಿ ಹೊಳೆಗೆ ಒಗೆದು ಬಂದಿದ್ದ. ಈಗ ಕಟ್ಟೆಯ ಹತ್ತಿರ ಬರುತ್ತಲೇ ಅವನ ಕಿವಿಗೆ ಬಿದ್ದದ್ದು ತಿರಕಪ್ಪನ ದನಿ: “ನಮ್ಮಂಥವರನ್ನ ಒಲ್ಲೆ ಅಂದದ್ದರಾಗ ಹುಚ್ಚೀರಪ್ಪನವರದ ತಪ್ಪಿಲ್ರಿ. ನಾನ ಆ ಹುಡುಗಿ ಅಪ್ಪ ಆಗಿದ್ರ ನಾನೂ ಕೊಡತಿದ್ದಿಲ್ಲ.”

ಹುಚ್ಚೀರಪ್ಪ ನಿಂತ. ಮಂದಿಯ ಮುಖ ನೋಡಿದ. ಟವೆಲ್ಲಿನ ಮೇಲಿನ ಬಟ್ಟಲು ನೋಡಿದ. ಬಾರುಕೋಲು ಕಂಕುಳಿಗೆ ಸೇರಿತು. ಒಮ್ಮೆ ಗಂಟಲು ಸರಿಮಾಡಿಕೊಂಡ.

“ಹೌದು, ಒಲ್ಲೆ ಅಂದೇವಿ!” ಎಂದು ಊರಿಗೆ ಕೇಳುವಂತೆ ಗದರಿಸಿದ. “ಒಮ್ಮೆ ಅಂದ್ರ ಆತು. ಮತ್ತೇನ ಕೇಳಾಕ ಬಂದಿ?”

“ತಪ್ಪಾತ್ರಿ,” ಎಂದ ತಿರಕಪ್ಪ ತಲೆ ತಗ್ಗಿಸಿ.

“ನಡಿ, ಎದ್ದ ನಡಿ ಊರ ಬಿಟ್ಟು!” ಹುಚ್ಚೀರಪ್ಪ ಅವನ ಚೀಲಕ್ಕೆ ಕೈ ಹಾಕಿ ಎತ್ತಿಸಿದ. ಕಟ್ಟೆಯ ತಿರುವು ದಾಟಿದ ಮೇಲೆ, ಚೀಲದ ಇನ್ನೊಂದು ತುದಿಯನ್ನು ತಾನೂ ಹಿಡಿದುಕೊಂಡು ಸಣ್ಣ ದನಿಯಲ್ಲಿ ಹೇಳಿದ: “ಮನಿಗೆ ಬಾ. ಚಾ ಕುಡದ ಹೋಗು.”

ಮನೆಯಲ್ಲಿ ಹೊಳೆಗಾಳಿಗೆ ಬಾಗಿಲು ಬಡಿಯುತ್ತಿತ್ತು. ಯಾರಾದರೂ ಮಾತು ತೆಗೆದರೆ ಧಡ್ ಎಂದು ಬಾಗಿಲೇ ಉತ್ತರ ಕೊಡುತ್ತಿತ್ತು. ಗದಿಗೆವ್ವ ಕಂಬಕ್ಕೊರಗಿ ಕೂತು ತಿರಕಪ್ಪನ ಕಡೆ ನೋಡದೆ ಎಲೆ ಕುಟ್ಟುತ್ತಿದ್ದಳು. ಕಟ್ಟೆಯ ಮಾತು ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಶಾಂಭವಿ ಚಹಾ ತಂದು ಕೊಟ್ಟಳು. ಹೊಸ್ತಿಲಲ್ಲಿ ನಿಲ್ಲದೆ, ನೇರ ಬಂದು ಕೊಟ್ಟಳು. ತಿರಕಪ್ಪ ನೆಲ ನೋಡುತ್ತಲೇ ಕುಡಿದ. ಹೊಸ್ತಿಲ ಬದಿ ಬರಿದಾಗಿತ್ತು. ಅಷ್ಟಗಲ ನೆಲ ಮಾತ್ರ ಸವೆಯದೆ ದುಂಡಗೆ ಬಣ್ಣ ಉಳಿಸಿಕೊಂಡಿತ್ತು.

ಬಾಗಿಲು ಮತ್ತೆ ಬಡಿಯಿತು. ತಿರಕಪ್ಪ ಲೋಟ ಕೆಳಗಿಟ್ಟು ಚೀಲದಲ್ಲಿ ಕೈಯಾಡಿಸಿದ. ತಳದಲ್ಲಿದ್ದದ್ದು ಕಂದು ಬಣ್ಣದ ದಪ್ಪನೆಯದು, ಕಡಲೆಯ ಮೇಲೆ ಬಿದ್ದೂ ಒಡೆಯದ ಮೊದಲನೆಯದು. ಅಂಗಿಯ ತೋಳಿನಿಂದ ಅದನ್ನೊಮ್ಮೆ ಒರೆಸಿ, ಹೋಗಿ ಬಾಗಿಲಿಗೆ ಒತ್ತಿಟ್ಟ. ಆ ದುಂಡು ಗುರುತಿಗೆ ಅದು ತುಸು ದೊಡ್ಡದಾಯಿತು. ಗಾಳಿ ಬಂತು. ಬಾಗಿಲು ಅಲುಗಿತು, ಬಡಿಯಲಿಲ್ಲ.

ಶಾಂಭವಿ ಕಾಲಿನಿಂದ ಬಾಗಿಲು ತಳ್ಳಿ ಪರೀಕ್ಷೆ ಮಾಡಿದಳು. “ಗಟ್ಟಿ ಐತಿ. ಇದಕ್ಕ ಏನ ಕೊಡೂದ್ರಿ ಕಾಕಾ?”

ತಿರಕಪ್ಪ ತಲೆ ಎತ್ತಿದ. ಮೂರು ಸಲ ಬಂದು, ಸಿಹಿ ತಿಂದು, ಊರು ಕೂಡಿಸಿ ರಂಪ ಮಾಡಿದ ಆ ಮನುಷ್ಯ ಹುಡುಗಿಯ ಮುಖ ನೋಡಿದ್ದು ಅದೇ ಮೊದಲು. ಗಲ್ಲದ ಮೇಲೊಂದು ಹಳೆಯ ಗಾಯದ ಕಲೆ ಇತ್ತು. ತುಟಿಯಲ್ಲಿ ನಗೆ ತಡೆದುಕೊಂಡಿದ್ದಳು. ಮೊದಲ ದಿನದಿಂದಲೂ ತಡೆದುಕೊಂಡೇ ಇದ್ದಳೆಂದು ತೋರುತ್ತಿತ್ತು.

“ಚಾ ಕುಡದೇನಲ್ಲವಾ. ಆತು,” ಎಂದ.

ಚೀಲ ಹೆಗಲಿಗೇರಿಸಿ ಅಂಗಳದಲ್ಲಿ ಚಪ್ಪಲಿ ಮೆಟ್ಟುವಾಗ ಅವನಿಗೆ ಫಕೀರೇಶನ ಮೂರನೇ ಸಲದ ಮಾತು ನೆನಪಾಯಿತು. ಹಿಂದೆ ತಿರುಗಿ ‘ಅಂದಂಗ ಇದೇನಿದು’ ಎಂದು ಕೇಳಲು ಅಲ್ಲಿ ತನ್ನದೇ ಬಟ್ಟಲಿತ್ತು. ಹೆಜ್ಜೆ ಕಿತ್ತಿಟ್ಟ. ಒಳಗಿನಿಂದ ಎಲೆ ಕುಟ್ಟುವ ಸದ್ದು ನಿಂತು, ಮುದುಕಿಯ ದನಿ ಬಂತು:

“ಲೇ ತಿರಕಪ್ಪಾ, ನಿಂದು ಆತು. ನಿನ್ನ ಹೆಣ್ತಿ ಕಾಸಿದ ಚಾ ನಾವು ಬಿಟ್ಟ ಬಂದೇವಿ. ಅದು ನಮ್ಮ ಮ್ಯಾಲೆ ಬಾಕಿ ಐತಿ. ನಿನ್ನ ಮಗನ ಮದಿವಿಗೆ ಬಂದು ಕುಡೀತೀವಿ ಅಂತ ಹೇಳು ಆಕಿಗೆ.”